ಗಾಳಿ ತರಲು ಸಮುದ್ರಕ್ಕೆ ಹೋದ ಭಾವ

ಗಾಳಿ ತರುತ್ತೇನೆಂದು ಸಮುದ್ರದ ದಂಡೆಗೆ ಹೊರಟ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿರುವುದೇನು, ಅವರ ಪಿಕಪ್ಪಿನಲ್ಲಿ ಪಕ್ಕದಲ್ಲೇ ಕೂತು ಹೋಗಿ ಬಂದಿದ್ದೇನೆ. ಅವರು ನನ್ನ ಅಕ್ಕನ ಗಂಡ. ಹೆಸರು ಹೇಳುವುದಿಲ್ಲ. ಮದುವೆಯಾದ ಲಾಗಾಯ್ತಿನಿಂದ ಅಕ್ಕನೇ ಹೇಳಿಲ್ಲ, ಇನ್ನು ನಾನು ಹೇಳಿ ಅವಳ ವ್ರತ ಯಾಕೆ ಕೆಡಿಸಲಿ? ಭಾವ ಎಂದರೆ ಸಾಕು, ಮತ್ತೋಡಿನ ಸುತ್ತಮುತ್ತ ಯಾರನ್ನು ಕೇಳಿದರೂ ‘ಆ ಗಾಳಿ ಟ್ಯಾಂಕಿನೋರಾ?’ ಎಂದು ಮನೆ ತೋರಿಸುತ್ತಾರೆ.

ಅವರ ಊರಿನಲ್ಲಿ ಗಾಳಿಗೆ ಬರವಿದೆ ಎಂದುಕೊಳ್ಳಬೇಡಿ. ಗುಡ್ಡದ ಸಾಲಿನುದ್ದಕ್ಕೂ ಗಾಳಿಯಂತ್ರಗಳು ಹಗಲೂ ರಾತ್ರಿ ರೆಕ್ಕೆ ತಿರುಗಿಸುತ್ತಿರುತ್ತವೆ. ಆಷಾಢದಲ್ಲಿ ಅಕ್ಕ ಒಣಹಾಕಿದ ಸೀರೆ ಪಕ್ಕದ ಊರಿನ ಜಾಲಿಮರದಲ್ಲಿ ಸಿಗುತ್ತದೆ. ಅಂಥ ಊರಿನವರು ಗಾಳಿ ಹುಡುಕಿಕೊಂಡು ಹೋಗುವುದೆಂದರೆ! ಆದರೆ ಕಥೆ ಶುರುವಾಗುವುದು ಗಾಳಿಯಿಂದಲ್ಲ, ಮಾತಿನಿಂದ.

ಅಕ್ಕ ಭಾವನಿಗೆ ಒಬ್ಬಳೇ ಮಗಳು, ರಂಜಿತಾ. ಸಿರಿಗೆರೆಯಲ್ಲಿ ಓದುವಾಗ ಖೋಖೋ ಆಡಿ ಆಡಿ ಕಪ್ಪುಗಳನ್ನು ತಂದು ಮನೆ ತುಂಬಿಸಿದವಳು. ಓದು ಮುಗಿಸಿ, ಗೆಳತಿಯೊಬ್ಬಳ ಜೊತೆ ಸೇರಿ ಹಿರಿಯೂರಿನ ಹತ್ತಿರ ಹೈವೇ ಪಕ್ಕದಲ್ಲಿ ಜಾಗ ಹಿಡಿದು ಪೇಂಟ್‌ಬಾಲ್ ಆಟದ ಮೈದಾನ ಮಾಡಿದಳು. ಪೇಂಟ್‌ಬಾಲ್ ಎಂದರೆ, ಎರಡು ಗುಂಪಿನವರು ಬಂದೂಕು ಹಿಡಿದು ಮರೆಯಲ್ಲಿ ನಿಂತು ಬಣ್ಣದ ಗುಂಡು ಹೊಡೆದುಕೊಳ್ಳುವುದು. ನಾವು ಹೋಳಿಯಲ್ಲಿ ಪುಕ್ಕಟೆ ಮಾಡುತ್ತಿದ್ದದ್ದೇ, ಆದರೆ ಇಲ್ಲಿ ಹೆಲ್ಮೆಟ್ಟು ಉಂಟು. ಶಾಲೆಯ ಪ್ರವಾಸದ ಬಸ್ಸುಗಳು, ಬೆಂಗಳೂರಿನಿಂದ ಬರುವ ಕಾರುಗಳು ನಿಲ್ಲತೊಡಗಿದವು.

ಅದೇ ಹೊತ್ತಿನಲ್ಲಿ ಭಾವ ಹೊಳಲ್ಕೆರೆ ಕಡೆಯ ಒಂದು ಮನೆಗೆ, ಹಿರಿಯರ ಎದುರು, ಮಗಳನ್ನು ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟರು. ಮಗಳನ್ನು ಕೇಳುವುದೊಂದು ಮರೆತಿತ್ತು. ರಂಜಿತಾ ಕೂಗಾಡಲಿಲ್ಲ, ಅಳಲಿಲ್ಲ. ಒಬ್ಬಳೇ ಬಸ್ಸು ಹತ್ತಿ ಹೊಳಲ್ಕೆರೆಗೆ ಹೋಗಿ, ಗಂಡಿನ ತಾಯಿಗೆ ನಮಸ್ಕಾರ ಮಾಡಿ, ಕೊಟ್ಟ ಮಂಡಕ್ಕಿ ತಿಂದು, ಕಾಫಿ ಕುಡಿದು, “ನಂಗೆ ಈಗ್ಲೇ ಮದ್ವೆ ಬ್ಯಾಡಮ್ಮ, ಬೇಜಾರ್ ಮಾಡ್ಕಬ್ಯಾಡ್ರಿ” ಎಂದು ಹೇಳಿ ಮುಂದಿನ ಬಸ್ಸಿಗೆ ವಾಪಸು ಬಂದಳು. ಆ ತಾಯಿ ಬೇಜಾರು ಮಾಡಿಕೊಳ್ಳುವುದಿರಲಿ, ಕುಂಕುಮ ಕೊಟ್ಟು ಬಸ್ಸು ಹತ್ತಿಸಿ ಹೋದರಂತೆ. ಭಾವನಿಗೆ ಉರಿದದ್ದು ಅದಕ್ಕೇ ಹೆಚ್ಚು. ಅಂದಿನಿಂದ ಅವರು ಮಗಳ ಜೊತೆ ಮಾತು ಬಿಟ್ಟರು. ಅಪ್ಪನ ಮಗಳಲ್ಲವೇ, ಅವಳೂ ಬಿಟ್ಟಳು.

ಮಾತು ಬಿಟ್ಟವರು ಒಂದೇ ಸೂರಿನಡಿ ಬದುಕಬೇಕಲ್ಲ! ಅದಕ್ಕೆ ನಮ್ಮ ಕಡೆ ಹಿಂದಿನಿಂದ ಬಂದ ಪದ್ಧತಿ ಒಂದಿದೆ. ನಾಯಿಗೋ, ಎತ್ತಿಗೋ, ಮನೆಯ ಕಂಬಕ್ಕೋ ಹೇಳಿ ಇನ್ನೊಬ್ಬರಿಗೆ ಕೇಳಿಸುವುದು. ಭಾವನ ಮನೆಯಲ್ಲಿ ಆ ಕೆಲಸ ಜಗುಲಿಗೆ ಕಟ್ಟಿದ್ದ ಟಗರಿನ ಪಾಲಿಗೆ ಬಂತು.

“ಲೇ ಟಗರೇ, ಹೊತ್ತಾತು, ಊಟ ಮಾಡೋರು ಮಾಡಿದ್ರಾ ಕೇಳು.”

ಒಳಗಿನಿಂದ ರಂಜಿತಾ, “ಟಗರಪ್ಪ, ಆಗ್ಲೇ ಉಂಡಾತು ಅಂತ ಹೇಳು.”

“ಲೇ, ಮಳೆ ಬರೋ ಹಂಗೈತೆ, ಗಾಡೀಲಿ ಹೋಗೋರಿಗೆ ಬಸ್ಸಿಗೆ ಹೋಗಕ್ಕೆ ಹೇಳು.”

“ಟಗರಪ್ಪ, ಮೋಡ ನೋಡಕ್ಕೆ ನಂಗೂ ಕಣ್ಣವೆ ಅಂತ ಹೇಳು.”

ಟಗರು ಎರಡೂ ಕಡೆಯ ಮಾತು ಕೇಳಿ ಹುರುಳಿಸೊಪ್ಪು ಮೇಯುತ್ತಿತ್ತು. ನಮಗೆಲ್ಲ ಮೊದಮೊದಲು ನಗು. ಯುಗಾದಿ ಕಳೆದು ಗಣಪತಿ ಹಬ್ಬ ಬಂದರೂ ಟಗರಿನ ದರ್ಬಾರು ಮುಗಿಯದಿದ್ದಾಗ ಅಕ್ಕನ ಮುಖ ನೋಡಲು ಆಗುತ್ತಿರಲಿಲ್ಲ. “ಇಬ್ರೂ ಟಗರಿನ ಜೊತೆ ಮಾತಾಡ್ತಾರೆ ಕಣೇ. ನಾನು ಯಾರ್ ಜೊತೆ ಮಾತಾಡ್ಲಿ?” ಎಂದಳು ಒಂದು ದಿನ. 

ಈಗ ಗಾಳಿಗೆ ಬರೋಣ. ಪೇಂಟ್‌ಬಾಲಿನ ಬಂದೂಕು ಗುಂಡು ಹಾರಿಸುವುದು ಗಾಳಿಯಿಂದ. ಪ್ರತಿ ಬಂದೂಕಿಗೂ ನೀರಿನ ಬಾಟಲಿಯಷ್ಟು ದಪ್ಪದ ಒಂದು ಗಟ್ಟಿ ಬಾಟಲಿ, ಅದರಲ್ಲಿ ಅದುಮಿ ತುಂಬಿದ ಗಾಳಿ. ಖಾಲಿಯಾದ ಬಾಟಲಿಗಳನ್ನು ರಂಜಿತಾ ಪ್ರತಿ ಶುಕ್ರವಾರ ಗೋಣಿಚೀಲಕ್ಕೆ ತುಂಬಿಕೊಂಡು ಬೆಂಗಳೂರಿಗೆ ಹೋಗಿ ತುಂಬಿಸಿಕೊಂಡು ಬರುತ್ತಿದ್ದಳು. ಕಂಡಕ್ಟರು ಚೀಲ ಮುಟ್ಟಿ ನೋಡಿ, “ಏನಮ್ಮ ಇವು?” ಎಂದರೆ “ಗಾಳಿ” ಎನ್ನುತ್ತಿದ್ದಳು. ಆಮೇಲೆ ಅವಳ ಪಕ್ಕದ ಸೀಟಿನಲ್ಲಿ ಯಾರೂ ಕೂರುತ್ತಿರಲಿಲ್ಲ.

ವಿಚಿತ್ರವೆಂದರೆ ಪ್ರತಿ ಶುಕ್ರವಾರ ಸಂಜೆ ಭಾವ ಸಾಕಿದ ಕುರಿಹಿಂಡಿನ ಮರಿಯೊಂದು ತಪ್ಪಿಸಿಕೊಳ್ಳುತ್ತಿತ್ತು. ಬೇರೆ ದಿನ ಇಲ್ಲ, ಶುಕ್ರವಾರವೇ. ಅದನ್ನು ಹುಡುಕಲು ಭಾವ ಬೇರೆಲ್ಲೂ ಹೋಗದೆ ಬಸ್ಸು ನಿಲ್ಲುವ ಕಡೆಗೇ ಹೋಗುತ್ತಿದ್ದರು. ಅಲ್ಲಿ ಅತ್ತಿಂದಿತ್ತ ಇತ್ತಿಂದತ್ತ ಓಡಾಡುವುದು, ಟವೆಲ್ಲು ಕೊಡವುವುದು, ಟೀ ಅಂಗಡಿಯ ಗಡಿಯಾರಕ್ಕೂ ತಮ್ಮ ಫೋನಿಗೂ ತಾಳೆ ನೋಡುವುದು. ಬಸ್ಸಿನಿಂದ ಮಗಳು ಇಳಿದದ್ದು ಕಂಡಕೂಡಲೇ ಮರಿ ಸಿಕ್ಕಿತೆಂದು ಬರಿಗೈಯಲ್ಲಿ ಮನೆಗೆ ಹಿಂತಿರುಗುತ್ತಿದ್ದರು. ಇಷ್ಟು ಸಂಕಟಪಡುವ ಬದಲು ಒಂದು ಮಾತು ಆಡಿದ್ದರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೆ ಅದು ನಾನು ನೀವು ಯೋಚಿಸುವ ದಾರಿ, ಭಾವನದಲ್ಲ.

ಮಾತಾಡುವುದರ ಬದಲು ಗಾಳಿಯನ್ನೇ ಮನೆಗೆ ತರುವುದೆಂದು ಅವರು ನಿಶ್ಚಯಿಸಿದರು. ಮೊದಲು ಎರಡು ಬಾಟಲಿಗಳನ್ನು ಮಗಳಿಗೆ ಕಾಣದಂತೆ ಎತ್ತಿಕೊಂಡು ಹೊಸದುರ್ಗದ ಪಂಕ್ಚರ್ ಅಂಗಡಿಗೆ ಬಂದರು. ಅಂಗಡಿಯವನು ಬಾಟಲಿಯ ಮೇಲಿನ ಅಂಕಿ ಓದಿ ಕೈಮುಗಿದ. “ಯಜಮಾನ್ರೆ, ನಮ್ ಗಾಳಿ ಲಾರಿ ಟಯರಿಗೆ. ಇದಕ್ಕೆ ನಮ್ ಗಾಳಿ ಊದಿದ್ರೆ ಕಚಗುಳಿ ಇಟ್ಟಂಗೂ ಆಗಲ್ಲ.” ಅಲ್ಲಿಂದ ವೆಲ್ಡಿಂಗ್ ಅಂಗಡಿ. ಆಕ್ಸಿಜನ್ ಸಿಲಿಂಡರಿನಿಂದ ತುಂಬಿಕೊಡು ಎಂದರೆ ಆತ ಹೌಹಾರಿ ಬಾಟಲಿಗಳನ್ನು ತಾನೇ ಹೊರಗೆ ತಂದಿಟ್ಟ. ಎಲ್ಲಾದರೂ ಒಂದು ತೊಟ್ಟು ಎಣ್ಣೆ ತಾಗಿದ್ದರೆ ಬೆಂಕಿ ಹತ್ತಿ ಸಿಡಿಯುತ್ತದೆಂದು ಬೈದು ಬುದ್ಧಿ ಹೇಳಿದನಂತೆ. ಬೈಸಿಕೊಂಡ ಭಾವ ನೇರವಾಗಿ ಅದೇ ಊರಿನಲ್ಲಿ ನಾನು ಪಾಠ ಮಾಡುವ ಶಾಲೆಗೆ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು.

“ಏನವ್ವ ಮೇಡಮ್ಮು, ಫೋನಲ್ಲಿ ನೋಡು, ಮನೇಲೇ ಈ ಬಾಟ್ಲಿ ತುಂಬಾದು ಹೆಂಗೆ ಅಂತ.”

ನಾನು ಕನ್ನಡ ಮೇಡಮ್ಮು. ಹಳಗನ್ನಡದ ಪದ್ಯ ಕೊಡಿ, ಬಿಡಿಸಿ ಹೇಳುತ್ತೇನೆ. ಅಲ್ಲಿ ಫೋನಿನಲ್ಲಿ ‘ಮೂರು ಸಾವಿರ ಪಿಎಸ್‌ಐ’ ಎಂದಿತ್ತು. ನನಗೆ ಗೊತ್ತಿದ್ದ ಪಿಎಸ್‌ಐ ಪೊಲೀಸ್ ಸ್ಟೇಷನ್ನಿನಲ್ಲಿ ಕೂರುವವರು. ವಿಜ್ಞಾನದ ಮೇಷ್ಟರು ಬಂದು ಅದು ಒತ್ತಡದ ಅಳತೆ ಎಂದು ಬಿಡಿಸಿ ಹೇಳಿದರು. ಸಮುದ್ರದಲ್ಲಿ ಮುಳುಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಸ್ಕೂಬಾ ಟ್ಯಾಂಕು ಒಂದಿದ್ದರೆ, ಅದನ್ನು ಆಗೊಮ್ಮೆ ಈಗೊಮ್ಮೆ ತುಂಬಿಸಿ ತಂದಿಟ್ಟುಕೊಂಡು, ಪೈಪು ಸಿಕ್ಕಿಸಿ ಮನೆಯಲ್ಲೇ ಚಿಕ್ಕ ಬಾಟಲಿಗಳನ್ನು ತುಂಬಬಹುದಂತೆ. ಭಾವನಿಗೆ ತಕ್ಷಣ ಅರ್ಥವಾಯಿತು. “ಅಂದ್ರೆ ತಾಯಿ ಕುರಿ ಒಂದು ಮನೇಲಿದ್ರೆ ಮರಿಗಳು ಊರೂರು ಅಲಿಯಂಗಿಲ್ಲ, ಅಷ್ಟೇ ತಾನೆ? ನಡಿ ಹೋಗಾಣ.”

“ಎಲ್ಲಿಗೆ ಭಾವ?”

“ಸಮುದ್ರಕ್ಕೆ.”

ಮುಂದಿನ ರಜೆಯ ದಿನ ನಾವು ಮುರುಡೇಶ್ವರದ ದಾರಿ ಹಿಡಿದೆವು. ಪಿಕಪ್ಪಿನ ಹಿಂದೆ ಕುರಿಯ ವಾಸನೆ, ಒಂದು ಕಂಬಳಿ, ಹಗ್ಗ. ಭಾವ ಎರಡು ಕಡೆ ಟೀಗೆ ನಿಲ್ಲಿಸಿದರೂ ಒಂದು ಕಡೆಯೂ ಪೂರ್ತಿ ಕುಡಿಯಲಿಲ್ಲ. ಘಟ್ಟ ಇಳಿಯುವಾಗ, “ಈವತ್ತು ಬಸ್ ಲೇಟೋ ಏನೋ” ಎಂದರು ಇದ್ದಕ್ಕಿದ್ದಂತೆ. ಅಂದು ಶುಕ್ರವಾರವೂ ಆಗಿರಲಿಲ್ಲ, ಪಾಪ.

ಸಮುದ್ರದ ದಂಡೆಯ ಆ ಡೈವಿಂಗ್ ಅಂಗಡಿಯ ಮಾಲೀಕ ಕಿವಿಗೆ ಓಲೆ ಹಾಕಿ, ಉದ್ದ ಕೂದಲು ಕಟ್ಟಿದ ಸೌಮ್ಯ ಮನುಷ್ಯ. ಸಾಲಾಗಿ ಟ್ಯಾಂಕುಗಳನ್ನು ನಿಲ್ಲಿಸಿದ್ದ. ಭಾವ ಸಂತೆಗೆ ಇಳಿದವರಂತೆ ಸಾಲಿನ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದರು. ಒಂದರ ಬೆನ್ನು ಸವರಿದರು. ಒಂದನ್ನು ಬೆರಳಿನಿಂದ ಬಡಿದು ಕಿವಿಗೊಟ್ಟರು. ಇನ್ನೊಂದನ್ನು ತಬ್ಬಿ ನೆಲದಿಂದ ಎತ್ತಿ ತೂಕ ನೋಡಿದರು. ಹಳದಿ ಬಣ್ಣ ಬಳಿದು ಮಿರಮಿರ ಮಿಂಚುತ್ತಿದ್ದ ಟ್ಯಾಂಕನ್ನು ಮಾಲೀಕ ಮುಂದೆ ತಂದಾಗ ಮುಖ ತಿರುಗಿಸಿದರು.

“ಮೈ ತೊಳ್ದು ಬಣ್ಣ ಹಚ್ಚಿದ್ ಟಗರು ತಗಂಡು ಕೆಟ್ಟೋರು ಬಾಳ ಜನ ಅವ್ರೆ. ಬಣ್ಣ ಇಲ್ದಿದ್ದು ತೋರ್ಸಪ್ಪ. ಹಂಗೇ ಹಲ್ಲೂ ತೋರ್ಸು.”

ಮಾಲೀಕ ನನ್ನ ಕಡೆ ನೋಡಿದ. “ವಯಸ್ಸು ಕೇಳ್ತಿದ್ದಾರೆ” ಎಂದೆ. ಕುರಿಯ ವಯಸ್ಸು ಹಲ್ಲಿನಿಂದ ತಿಳಿಯುತ್ತದೆ, ಟ್ಯಾಂಕಿನದು? ಆತ ಟ್ಯಾಂಕಿನ ಹೆಗಲ ಮೇಲೆ ಒತ್ತಿದ್ದ ಸಣ್ಣ ಅಂಕಿಗಳನ್ನು ತೋರಿಸಿದ. “ಇದು ಪರೀಕ್ಷೆ ಮಾಡಿದ ತಿಂಗಳು, ವರ್ಷ. ಕೆಲವು ವರ್ಷಕ್ಕೊಮ್ಮೆ ನೀರು ತುಂಬಿ, ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಬೇಕು. ಈ ಅಂಕಿ ನೋಡದೆ ಯಾರೂ ನಿಮಗೆ ಗಾಳಿ ತುಂಬಿ ಕೊಡೂದಿಲ್ಲ. ತುಂಬಿ ಕೊಡ್ತೇನೆ ಅಂದವನ ಹತ್ರ ನೀವು ನಿಲ್ಲಬೇಡಿ.”

ಭಾವ ಬಗ್ಗಿ ಅಂಕಿಗಳನ್ನು ಬೆರಳಿನಲ್ಲಿ ಸವರಿ, “ಇದು ಎರಡು ಹಲ್ಲಿಂದು. ಇದು ನಾಕು ಹಲ್ಲು, ಮೈಕಟ್ಟು ಚೆನ್ನಾಗೈತೆ” ಎಂದು ಎರಡನ್ನು ಬೇರೆ ನಿಲ್ಲಿಸಿದರು. ಒಂದು ಅಲ್ಯೂಮಿನಿಯಮ್ಮಿನದು, ಇನ್ನೊಂದು ಉಕ್ಕಿನದು.

“ಒಂದೇ ಸಾಕಲ್ಲ ಭಾವ?”

“ಒಂಟಿ ಕುರಿ ಹೊಸಾ ಮನೇಲಿ ಮೇಯಲ್ಲ, ಸೊರಗ್ತೈತೆ.”

ನಾನು ಹಣೆ ಚಚ್ಚಿಕೊಂಡೆ. ಮಾಲೀಕ ಮಾತ್ರ ತಲೆದೂಗಿದ. ದೊಡ್ಡದರಲ್ಲಿ ಎಷ್ಟು ಒತ್ತಡ ಉಳಿದಿದೆಯೋ ಅಷ್ಟರವರೆಗೆ ಮಾತ್ರ ಚಿಕ್ಕದು ತುಂಬುತ್ತದಂತೆ. ಎರಡಿದ್ದರೆ ಕಡಿಮೆ ಇರುವುದರಿಂದ ಮೊದಲು ತುಂಬಿ, ಉಳಿದದ್ದನ್ನು ಹೆಚ್ಚು ಇರುವುದರಿಂದ ತುಂಬಿಕೊಂಡರೆ ಗಾಳಿ ತುಂಬಾ ದಿನ ಬಾಳುತ್ತದಂತೆ. ಕಾರಣ ಬೇರೆ ಬೇರೆಯಾದರೂ ಇಬ್ಬರ ಲೆಕ್ಕವೂ ತಾಳೆಯಾಗಿತ್ತು.

ತಾಳೆ ತಪ್ಪಿದ್ದು ಬೆಲೆ ಕುದುರಿಸುವಾಗ. ಭಾವ ಹೆಗಲ ಟವೆಲ್ಲು ತೆಗೆದು ಮಾಲೀಕನ ಬಲಗೈ ಮೇಲೆ ಹೊದಿಸಿ, ಅದರೊಳಗೆ ಕೈ ತೂರಿಸಿ ಆತನ ಬೆರಳುಗಳನ್ನು ಹಿಡಿದು ಒತ್ತಿದರು. ಕುರಿ ಸಂತೆಯಲ್ಲಿ ವ್ಯಾಪಾರ ಹೀಗೆಯೇ. ಹಿಡಿದ ಬೆರಳೇ ಬೆಲೆ, ಬಾಯಿ ಬಿಡುವಂತಿಲ್ಲ, ಪಕ್ಕದವನಿಗೆ ತಿಳಿಯುವಂತಿಲ್ಲ. ಮಾಲೀಕ ಮೊದಲು ಗಾಬರಿಯಾದ, ಆಮೇಲೆ ಕಚಗುಳಿಯಾಗಿ ನಕ್ಕ, ಕೊನೆಗೆ ನನ್ನನ್ನು ಮೆಲ್ಲಗೆ ಕೇಳಿದ, “ಇವರಿಗೆ ಹುಷಾರುಂಟಲ್ಲ?”

“ಭಾವ, ಬೆಲೆ ಗೋಡೆ ಮೇಲೆ ಬರ್ದು ಹಾಕಿದಾರೆ ನೋಡ್ರಿ” ಎಂದೆ.

“ನಾಕು ಜನ ಓದೋ ಹಂಗೆ ಬೆಲೆ ಬರೀತಾರೇನವ್ವ? ನಾಚ್ಕೆಗೇಡು” ಎಂದರು ಭಾವ, ಟವೆಲ್ಲಿನೊಳಗೆ ಇನ್ನೊಂದು ಬೆರಳು ಸೇರಿಸುತ್ತಾ. ಆಶ್ಚರ್ಯವೆಂದರೆ ಆ ಮನುಷ್ಯ ಸ್ವಲ್ಪ ಬಿಟ್ಟುಕೊಟ್ಟ. ಕೈ ಬಿಡಿಸಿಕೊಳ್ಳಲು ಕೊಟ್ಟನೋ, ಪ್ರೀತಿಯಿಂದ ಕೊಟ್ಟನೋ ದೇವರೇ ಬಲ್ಲ.

ಘಟ್ಟದ ದಾರಿಯಲ್ಲಿ ತುಂಬಿದ ಟ್ಯಾಂಕು ಬೇಡವೆಂದು ಮಾಲೀಕ ಖಾಲಿಯಾಗಿಯೇ ಕೊಟ್ಟಿದ್ದ. ಬರುವಾಗ ಭಾವ ಅವಕ್ಕೆ ಕಂಬಳಿ ಹೊದಿಸಿ ಹಗ್ಗ ಬಿಗಿದಿದ್ದರು. ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. ಕಂಬಳಿಯೊಳಗೆ ಏನು ಎಂದರೆ ಭಾವ, “ಏನಿಲ್ಲ ಸ್ವಾಮಿ, ಗಾಳಿ ತುಂಬೋದು. ಈಗ ಗಾಳೀನೂ ಇಲ್ಲ” ಎಂದರು. ಇಷ್ಟು ಸತ್ಯ ಹೇಳಿದವರನ್ನು ಪೊಲೀಸರು ಸುಲಭಕ್ಕೆ ಬಿಡುತ್ತಾರೆಯೇ? ಮಲಗಿಸಿದ ಟ್ಯಾಂಕುಗಳನ್ನು ಎಬ್ಬಿಸಿ, ತಿರುಗಿಸಿ, ಬಡಿದು ನೋಡಿದ ಮೇಲೆಯೇ ಬಿಟ್ಟರು. ಹೊರಡುವಾಗ ಅವರಲ್ಲೊಬ್ಬರು, “ಚಿತ್ರದುರ್ಗದಲ್ಲಿ ಎಲ್ಲಿ ಮುಳುಗ್ತೀರಾ ಯಜಮಾನ್ರೆ?” ಎಂದು ಕೇಳಿದರು. ಭಾವ ಟ್ಯಾಂಕುಗಳನ್ನು ಮಲಗಿಸಿ ಮತ್ತೆ ಕಂಬಳಿ ಹೊದಿಸಿದರು.

ಮನೆಗೆ ಬಂದವರೇ ಯಾರನ್ನೂ ಕೇಳದೆ ಭಾವ ಒಂದು ಕೆಲಸ ಮಾಡಿದರು. ನಮ್ಮ ಕಡೆ ಹೊಸ ಕುರಿ ಮನೆಗೆ ಬಂದರೆ ಮೊದಲು ಮನೆತನದ ಗುರುತು ಹಾಕಬೇಕು, ಇಲ್ಲವಾದರೆ ಮೇಯಲು ಬಿಟ್ಟಾಗ ಬೇರೆಯವರ ಹಿಂಡಿಗೆ ಸೇರಿಹೋಗುತ್ತದೆ. ಅವರ ಮನೆಯ ಗುರುತು ಹೆಗಲ ಮೇಲೆ ಎರಡು ದಪ್ಪ ಕೆಂಪು ಪಟ್ಟೆ. ಎರಡೂ ಟ್ಯಾಂಕುಗಳ ಹೆಗಲ ಮೇಲೆ ದಪ್ಪವಾಗಿ, ಎರಡೆರಡು ಸಲ, ಎಣ್ಣೆಬಣ್ಣದ ಪಟ್ಟೆ ಬಳಿದರು. ಇಡೀ ತಾಲ್ಲೂಕಿನಲ್ಲಿ ಇನ್ಯಾರ ಸ್ಕೂಬಾ ಟ್ಯಾಂಕಿನ ಹಿಂಡು ಇತ್ತೋ ಇವು ಹೋಗಿ ಸೇರಿಕೊಳ್ಳಲು!

ಮರುವಾರ ಬೆಂಗಳೂರಿಗೆ ತುಂಬಿಸಲು ಹೋದ ಭಾವ ಖಾಲಿ ಟ್ಯಾಂಕುಗಳ ಸಮೇತ ವಾಪಸು ಬಂದರು. ಫೋನಿನಲ್ಲಿ ನನ್ನ ಮೇಲೆ ಹರಿಹಾಯ್ದರು.

“ಗುರುತು ಕಾಣ್ತಿಲ್ಲ ಅಂದ್ರು ಕಣವ್ವ! ಇಷ್ಟ್ ದಪ್ಪ ಗುರುತು ಹಾಕೀನಿ, ಕಾಣ್ತಿಲ್ಲ ಅಂತಾರಲ್ಲ, ಅವ್ರಿಗೆ ಕಣ್ಣಿಲ್ವಾ?”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪರೀಕ್ಷೆಯ ಅಂಕಿ ಇದ್ದದ್ದು ಹೆಗಲ ಮೇಲೆ. ಪಟ್ಟೆ ಬಿದ್ದದ್ದೂ ಹೆಗಲ ಮೇಲೆ. ಭಾವ ಟ್ಯಾಂಕಿನ ಹಲ್ಲು ಮುಚ್ಚಿಬಿಟ್ಟಿದ್ದರು.

ಅಂದು ಸಂಜೆ ನಾನು ಹೋದಾಗ ರಂಜಿತಾ ಅಂಗಳದಲ್ಲಿ ಕೂತು ಬಟ್ಟೆ, ಥಿನ್ನರ್ ಹಿಡಿದು ಪಟ್ಟೆ ಉಜ್ಜುತ್ತಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಅಪ್ಪ ಸಮುದ್ರಕ್ಕೆ ಹೋಗಿಬಂದದ್ದು ಯಾತಕ್ಕೆಂದು ಯಾರೂ ಹೇಳಬೇಕಾಗಿಯೂ ಇರಲಿಲ್ಲ. ತುಂಬುವ ಪೈಪು, ಮೀಟರನ್ನು ಅವಳು ಆಗಲೇ ತರಿಸಿಟ್ಟಿದ್ದಳು. ಭಾವ ಜಗುಲಿಯಿಂದ ಕುರಿ ಕೂಡುವ ರೊಪ್ಪಕ್ಕೆ, ರೊಪ್ಪದಿಂದ ಜಗುಲಿಗೆ ನಡೆಯುತ್ತಿದ್ದರು.

“ಲೇ ಟಗರೇ, ಚಾಕು ತಗಂಡು ಕೆರೀಬ್ಯಾಡ, ಮೈಗೆ ಗೀರು ಬೀಳ್ತೈತೆ ಅಂತ ಹೇಳು.”

“ಟಗರಪ್ಪ, ಚಾಕು ಯಾರೂ ಹಿಡ್ದಿಲ್ಲ ಅಂತ ಹೇಳು.”

ಅಷ್ಟೇ. ನಾನು ನಡುವೆ ನಿಂತು ಇಬ್ಬರ ತಲೆಯನ್ನೂ ಹಿಡಿದು ಢಿಕ್ಕಿ ಹೊಡೆಸಬೇಕೆಂದುಕೊಂಡೆ. ಈ ಗಾಳಿ ಬಂದಮೇಲೂ ಮಾತು ಬರದಿದ್ದರೆ ಇನ್ನು ಯಾವಾಗ? ಟ್ಯಾಂಕು ತುಂಬಿಕೊಂಡು ಬಂದರೆ ಶುಕ್ರವಾರದ ಬಸ್ಸೂ ಇರುವುದಿಲ್ಲ, ಮರಿ ಹುಡುಕುವ ನೆಪವೂ ಇರುವುದಿಲ್ಲ. ಆಮೇಲೆ ಇಬ್ಬರಿಗೂ ಟಗರೊಂದೇ ಗತಿ. ಅಕ್ಕನಿಗೂ ಅದೇ ಭಯವಿತ್ತು. ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದಳು.

ಎರಡನೆಯ ಸಲ ಟ್ಯಾಂಕುಗಳು ತುಂಬಿಕೊಂಡೇ ಬಂದವು. ಆ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಮೊದಲ ಬಾಟಲಿ ತುಂಬುವ ಕಾರ್ಯಕ್ರಮ. ಅಕ್ಕ ದೇವರಿಗೆ ಕೈಮುಗಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ತೆಂಗಿನಮರದ ಹಿಂದೆ ನಿಂತೆ. ನಗಬೇಡಿ, ನೀವಾಗಿದ್ದರೂ ನಿಲ್ಲುತ್ತಿದ್ದಿರಿ.

ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ದೊಡ್ಡ ಟ್ಯಾಂಕಿನ ತಿರುಪನ್ನು ಕೂದಲೆಳೆಯಷ್ಟು ತೆರೆಯಬೇಕು. ಇನ್ನೊಬ್ಬರು ಆಚೆ ತುದಿಯಲ್ಲಿ ಬಾಟಲಿ ಹಿಡಿದು ಮೀಟರಿನ ಮುಳ್ಳು ನೋಡಬೇಕು. ಅವಸರ ಮಾಡಿದರೆ ಬಾಟಲಿ ಕಾದು ಕೈ ಸುಡುವಷ್ಟು ಬಿಸಿಯಾಗುತ್ತದೆ. ತಿರುಪಿನ ಹತ್ತಿರ ಭಾವ, ಮುಳ್ಳಿನ ಹತ್ತಿರ ಮಗಳು, ನಡುವೆ ಕಟ್ಟಿದ್ದ ಟಗರು.

ಭಾವ ತಿರುಪು ತಿರುಗಿಸಿದರು. ಹಿಸ್ಸೆಂದು ಗಾಳಿ ಹೊರಟ ಸದ್ದಿಗೆ ಟಗರು ಒಮ್ಮೆ ಮೇಲಕ್ಕೆ ನೆಗೆದು, ಹಗ್ಗ ಕಿತ್ತುಕೊಂಡು, ಬೇಲಿ ಹಾರಿ ಓಡಿತು. ಹಿಂತಿರುಗಿ ನೋಡಲೂ ಇಲ್ಲ. ಇಷ್ಟು ತಿಂಗಳು ಕೇಳಿದ್ದು ಸಾಕಾಗಿತ್ತೋ ಏನೋ.

ಮುಳ್ಳು ಏರುತ್ತಿತ್ತು. ಭಾವ ತಿರುಪು ಹಿಡಿದೇ ಇದ್ದರು. ಅವರಿಗೆ ಆ ದೂರದಿಂದ ಮುಳ್ಳು ಕಾಣುವುದಿಲ್ಲ. ಎಷ್ಟಾಯಿತೆಂದು ಕೇಳಲು ಟಗರಿಲ್ಲ. ರಂಜಿತಾ ಮುಳ್ಳು ನೋಡಿದಳು, ಬೇಲಿ ನೋಡಿದಳು, ಅಪ್ಪನನ್ನು ನೋಡಿದಳು. ನಾನು ಮರದ ಹಿಂದೆ ಉಸಿರು ಬಿಗಿಹಿಡಿದು, ಹೇಳು ತಾಯಿ, ಹೇಳೇ ಎಂದು ಬೇಡಿಕೊಳ್ಳುತ್ತಿದ್ದೆ.

“ಸಾಕು ನಿಲ್ಸಪ್ಪ” ಎಂದಳು.

ಭಾವ ತಿರುಪು ಮುಚ್ಚಿದರು. ಹಿಸ್ಸೆನ್ನುವುದು ನಿಂತಿತು. ಅವರು ತಿರುಪಿನ ಮೇಲಿಂದ ಕೈ ತೆಗೆಯದೆ, ತಲೆ ಎತ್ತದೆ ಕೇಳಿದರು.

“ಕೈ ಸುಡ್ತೇನವ್ವ?”

“ಇಲ್ಲಪ್ಪ, ಬೆಚ್ಚಗೈತೆ ಅಷ್ಟೇ. ಮುಟ್ಟಿ ನೋಡು ಬಾ.”

ಭಾವ ಹೋದರು. ಬಾಟಲಿ ಮುಟ್ಟಲಿಲ್ಲ. ಮಗಳ ಅಂಗೈ ಬಿಡಿಸಿ, ಸುಟ್ಟಿದೆಯೋ ಇಲ್ಲವೋ ಎಂದು ತಿರುಗಿಸಿ ತಿರುಗಿಸಿ ನೋಡಿದರು. ನನಗೆ ಅಳು ತಡೆಯಲಾಗಲಿಲ್ಲ. ಮೂಗು ಒರೆಸಿಕೊಂಡು, ಅಕ್ಕನಿಗೆ ಹೇಳಬೇಕೆಂದು ಹಿತ್ತಿಲ ಕಡೆಯಿಂದ ಒಳಗೆ ಓಡಿದೆ.

ಅಕ್ಕ ಮುಂಬಾಗಿಲ ಒಳಗೇ ನಿಂತಿದ್ದಳು, ಹಲಗೆಗೆ ಕಿವಿ ಹಚ್ಚಿ. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಹೊರಗೆ ಭಾವ ಮೈದಾನಕ್ಕೆ ಎಷ್ಟು ಜನ ಬರ್ತಾರೆ, ಬಿಸಿಲಿಗೆ ನೆಳಲು ಐತಾ, ನೀರಿಗೆ ಏನು ಮಾಡ್ತೀಯ ಎಂದು ಒಂದರ ಮೇಲೊಂದು ಕೇಳುತ್ತಿದ್ದರು. ರಂಜಿತಾ ಎರಡನೆಯ ಬಾಟಲಿ ಸಿಕ್ಕಿಸುತ್ತಾ ಹೇಳುತ್ತಿದ್ದಳು. ನಾನು ಖುಷಿಯಲ್ಲಿ ಬಾಗಿಲು ತೆಗೆಯಲು ಅಗುಳಿಗೆ ಕೈ ಹಾಕಿದೆ.

ಅಕ್ಕ ನನ್ನ ಕೈ ಹಿಡಿದುಕೊಂಡಳು.

“ತೆಗೀಬ್ಯಾಡ ಕಣೇ,” ಎಂದಳು, “ಮಾತಾಡ್ಲಿ.”